ಲ್ಯಾಪ್‌ಟಾಪಿನ ನಾಲ್ಕು ಕಿಂಡಿ, ಕಾಟಾದ ನಾಲ್ಕು ಮೂಲೆ

ನಾನು ಹೋಗಿ ಮುಟ್ಟುವ ಹೊತ್ತಿಗೆ ಕಬ್ಬು ತೂಗುವ ಕಾಟಾದ ಗುಮಾಸ್ತನನ್ನು ಎತ್ತಿನ ಬಂಡಿಯ ಗಾಲಿಗೆ ಕಟ್ಟಿ ಒಂದು ಸುತ್ತು ಹೊಡೆದಾಗಿತ್ತು. ಅವನ ಬಿಳಿ ಅಂಗಿಯ ಎಡಭಾಗ ಪೂರ್ತಿ ಕೆಂಪಾಗಿತ್ತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿ, "ಸಾಹೇಬ್ರ, ಬಂದ್ರೇನು" ಅಂದ. ನನ್ನನ್ನು ಇಳಿಸಿದ ಎಸ್.ಟಿ. ಬಸ್ಸು ಆಗಲೇ ಕರಜಗಿಯ ಕಡೆ ಓಡಿತ್ತು. ಗುಂಪು ಕಂಡ ಡ್ರೈವರ್ ಗಾಡಿಯನ್ನು ಪೂರ್ತಿ ನಿಲ್ಲಿಸಿಯೂ ಇರಲಿಲ್ಲ.

ಅದು ತೊಂಬತ್ತರ ದಶಕದ ಕೊನೆಯ ಒಂದು ಕಬ್ಬಿನ ಹಂಗಾಮು. ಸೊಲ್ಲಾಪುರದಲ್ಲಿ ತೂಕದ ಯಂತ್ರ ಮಾರಿ, ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ನಾನು ಇಂಜಿನಿಯರ್. ದೂರದ ಸಕ್ಕರೆ ಕಾರ್ಖಾನೆಯೊಂದು ಅಕ್ಕಲಕೋಟದ ಆಚೆ ಹೊಲಗಳ ನಡುವೆ ಕಬ್ಬು ತೂಗುವ ಕೇಂದ್ರ ಇಟ್ಟಿತ್ತು. ಅಲ್ಲಿಯ ಎಲೆಕ್ಟ್ರಾನಿಕ್ ಕಾಟಾ ಕೂಡಿಸಿದವನು ನಾನೇ. ಬಂಡಿ ನಿಲ್ಲುವ ದೊಡ್ಡ ಕಬ್ಬಿಣದ ಹಲಗೆ, ಅದರ ಕೆಳಗೆ ಕುಣಿ, ಕುಣಿಯ ನಾಲ್ಕು ಮೂಲೆಗೆ ಭಾರ ಹೊರುವ ನಾಲ್ಕು ಲೋಡ್ ಸೆಲ್ಲು. ನಾಲ್ಕರ ತಂತಿಗಳೂ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಕೂಡಿ, ಅಲ್ಲಿಂದ ಒಂದೇ ಕೇಬಲ್ಲಾಗಿ ಕೋಣೆಯೊಳಗಿನ ಮೀಟರಿಗೆ ಹೋಗುತ್ತಿದ್ದವು. ಗುಮಾಸ್ತ ಮೀಟರ್ ನೋಡಿ ಚೀಟಿ ಕೊಡುತ್ತಿದ್ದ. ಅವನ ಕೆಲಸ ಅಷ್ಟೇ.

ಹಿಂದಿನ ದಿನ ಆ ಗುಮಾಸ್ತನೇ ಅಕ್ಕಲಕೋಟದ ಎಸ್.ಟಿ.ಡಿ. ಬೂತಿನಿಂದ ಅಂಗಡಿಗೆ ಫೋನ್ ಮಾಡಿದ್ದ. "ಸಾಹೇಬ್ರ, ಕಾಟಾ ಯಾಕೋ ಸುದ್ದ ಇಲ್ರಿ. ಮಂದಿ ಬಯ್ಯಾಕತ್ತ್ಯಾರ. ಲಗೂನ ಬರ್ರಿ."

"ನೀನs ಏನರೆ ಬಟನ್ ಒತ್ತಿರ್ತಿ. ಮುಟ್ಟಬ್ಯಾಡ ಅಂತ ಹೇಳಿದ್ದೆನೋ ಇಲ್ಲೋ" ಎಂದು ಅವನಿಗೇ ಗದರಿ ಫೋನ್ ಇಟ್ಟಿದ್ದೆ. ನನ್ನ ಸ್ವಭಾವವೇ ಹಾಗಿತ್ತು. ನಾನು ಕೂಡಿಸಿದ ಯಂತ್ರ ತಪ್ಪು ಹೇಳುತ್ತದೆ ಅಂದರೆ ಹೇಳಿದವನ ಮೇಲೆಯೇ ಸಿಟ್ಟು ಬರುತ್ತಿತ್ತು.

ಆ ಬೆಳಿಗ್ಗೆ ಆದದ್ದು ಇಷ್ಟು. ಕೆಂಪು ರುಮಾಲಿನ ಒಬ್ಬ ಬಂಡಿಯವನು ಅನುಮಾನ ಬಂದು, ತುಂಬಿದ ಬಂಡಿಯನ್ನು ಅಕ್ಕಲಕೋಟದ ಒಂದು ಎಣ್ಣೆ ಗಿರಣಿಯ ಕಾಟಾದ ಮೇಲೆ ತೂಗಿಸಿ ನೆಟ್ಟಗೆ ಇಲ್ಲಿಗೆ ತಂದಿದ್ದ. ಇಲ್ಲಿ ಎರಡು ಕ್ವಿಂಟಾಲಿಗೂ ಮೇಲೆ ಕಡಿಮೆ ಬಂತು. ಸಾಲಿನಲ್ಲಿ ನಿಂತ ಅರವತ್ತು ಎಪ್ಪತ್ತು ಬಂಡಿಯವರಿಗೆ ಅಷ್ಟು ಸಾಕಾಯಿತು. ಕೋಣೆಯ ಬಾಗಿಲು ಮುರಿದರು. ಚೀಟಿ ಬರೆಯುವ ಕಂಪ್ಯೂಟರಿನ ಡಬ್ಬಿಯನ್ನು ಹೊರಗೆ ಒಗೆದರು. ಫೋನಿನ ತಂತಿ ಕಿತ್ತರು. ಮೀಟರ್ ಒಂದನ್ನು ಮಾತ್ರ ಮುಟ್ಟಿರಲಿಲ್ಲ, ಅದು ಕಳವಿನ ಸಾಕ್ಷಿ ಎಂದು.

ನಿಜ ಹೇಳಿಬಿಡುತ್ತೇನೆ. ಗಾಲಿಗೆ ಕಟ್ಟಿದ ಅವನನ್ನು ಕಂಡಾಗ ಮೊದಲು ನನಗೆ ಬಂದದ್ದು ಕನಿಕರವಲ್ಲ. ಇವನು ಮೀಟರಿನ ಸೆಟ್ಟಿಂಗ್ ತಿರುವಿ ಏನೋ ಮಾಡಿದ್ದಾನೆ, ನನ್ನ ಹೆಸರು ಕೆಡಿಸಿದ್ದಾನೆ, ತಿನ್ನಲಿ ಎರಡು ಏಟು ಅನ್ನಿಸಿತ್ತು.

"ಇವನೂ ಅವರ ಪೈಕಿನ" ಎಂದು ಯಾರೋ ನನ್ನ ಕೊರಳಪಟ್ಟಿ ಹಿಡಿದರು. ಬೆನ್ನಿಗೆ ಒಂದು ಗುದ್ದು ಬಿತ್ತು. ನಾನು ಚೀಲವನ್ನು ಎದೆಗವಚಿಕೊಂಡು ಕೂಗಿದೆ: "ಮೀಟರಿನ ಹೊಟ್ಟಿಯೊಳಗ ಯಾರು ಏನು ಮಾಡ್ಯಾರ ಅದೆಲ್ಲಾ ಬರದಿರ್ತದ. ಈ ಲ್ಯಾಪ್‌ಟಾಪ್ ಹಚ್ಚಿ ತಗದು ತೋರಸ್ತೀನಿ. ಅವ ಕಳ್ಳಿದ್ರ ನಾನs ನಿಮ್ಮ ಕೈಗೆ ಕೊಡ್ತೀನಿ."

ಗುಂಪಿನಲ್ಲಿ ಒಬ್ಬ ಅಜ್ಜ ಇದ್ದ. ಹುಲಜಂತಿಯ ದೇವರು ಮಹಾಲಿಂಗರಾಯನ ಒಕ್ಕಲು. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಭಂಡಾರದ ಸಣ್ಣ ಚೀಲ. ಅವನ ಮಾತಿಗೆ ಆ ಗುಂಪಿನಲ್ಲಿ ತೂಕವಿತ್ತು. "ತೋರಸ್ಲಿ ಬಿಡ್ರಿ" ಅಂದ. "ಖರೆ ಗೊತ್ತಾದ ಮ್ಯಾಲೆ ಹೊಡದ್ರೂ ಹೊಡತ ಹೊಡತನ." ಅಕ್ಕಲಕೋಟದಿಂದ ಪೊಲೀಸರನ್ನು ಕರೆಯೋಣ ಅಂದೆ. ಕೆಂಪು ರುಮಾಲಿನವನು ಬಾರುಕೋಲನ್ನು ನನ್ನ ಗದ್ದಕ್ಕೆ ಹಚ್ಚಿ, "ಪೊಲೀಸ್ರು ಬರೂದ್ರಾಗ ಇವನ ಕಥಿ ಮುಗಿತೈತಿ. ನಿಂದೂ" ಅಂದ. ಅವನು ಹೆದರಿಸಲು ಹೇಳುತ್ತಿರಲಿಲ್ಲ. ಗಾಲಿಯ ಕೆಳಗೆ, ಅಚ್ಚಿನ ತುದಿಗೆ ಸಿಕ್ಕಿಸುವ ಕಬ್ಬಿಣದ ಕಡಾಣಿಯೊಂದು ಬಿದ್ದಿತ್ತು, ಅದಕ್ಕೆ ರಕ್ತ ಮತ್ತು ಕೂದಲು ಅಂಟಿದ್ದವು.

ಕೋಣೆಯೊಳಗೆ ಹೋಗಿ ಲ್ಯಾಪ್‌ಟಾಪ್ ತೆಗೆದೆ. ಅಂಗಡಿಯ ಸೇಠ್ ಮುಂಬೈಯಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಮಾಲು ಅದು. ಇಟ್ಟಿಗೆಯಷ್ಟು ದಪ್ಪ, ಬ್ಯಾಟರಿ ಸತ್ತು ಎರಡು ವರ್ಷ, ಕರೆಂಟಿಗೆ ಹಚ್ಚಿದರೆ ಮಾತ್ರ ಜೀವ. ಅದರ ಬೆನ್ನಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ. ಕೆಳಗೆ ಮಾಡಿದರೆ ಸಾಲಾಗಿ ನಾಲ್ಕು ಕಿಂಡಿ. ಒಂಬತ್ತು ಸೂಜಿಯ ಸೀರಿಯಲ್ ಪೋರ್ಟು, ಇಪ್ಪತ್ತೈದು ತೂತಿನ ಪ್ರಿಂಟರ್ ಪೋರ್ಟು, ಹದಿನೈದು ತೂತಿನ ಮಾನಿಟರ್ ಪೋರ್ಟು, ಕೊನೆಗೆ ಕೀಬೋರ್ಡಿನ ದುಂಡನೆಯ ಕಿಂಡಿ. ನನಗೆ ಯಾವತ್ತೂ ಬೇಕಾಗುತ್ತಿದ್ದದ್ದು ಮೊದಲನೆಯದು ಒಂದೇ. ಉಳಿದ ಮೂರರಲ್ಲಿ ಧೂಳು ಕೂತಿತ್ತು.

ಸೀರಿಯಲ್ ಕೇಬಲ್ಲಿನ ಒಂದು ತುದಿಯನ್ನು ಲ್ಯಾಪ್‌ಟಾಪಿಗೆ, ಇನ್ನೊಂದನ್ನು ಮೀಟರಿನ ಬೆನ್ನಿಗೆ ಹಚ್ಚಿ ಪ್ರೋಗ್ರಾಮ್ ಶುರು ಮಾಡಿದೆ. ಪರದೆ ಖಾಲಿ. ಮೀಟರ್ ಹೇಳುತ್ತಿತ್ತು, ಲ್ಯಾಪ್‌ಟಾಪಿಗೆ ಕೇಳುತ್ತಿರಲಿಲ್ಲ. ಕೇಬಲ್ ಎತ್ತಿ ನೋಡಿದೆ. ಅವಸರದಲ್ಲಿ ಅಂಗಡಿಯಿಂದ ನೇರ ಕೇಬಲ್ಲು ಎತ್ತಿಕೊಂಡು ಬಂದಿದ್ದೆ. ಈ ಮೀಟರಿಗೆ ಬೇಕಾದದ್ದು ಅಡ್ಡ ಕೇಬಲ್ಲು: ಒಬ್ಬನ ಬಾಯಿಯ ತಂತಿ ಇನ್ನೊಬ್ಬನ ಕಿವಿಗೆ ಹೋಗಬೇಕು, ಅಂದರೆ ಎರಡನೆಯ ಸೂಜಿ ಮೂರಕ್ಕೆ, ಮೂರನೆಯದು ಎರಡಕ್ಕೆ. ನೇರ ಕೇಬಲ್ಲಿನಲ್ಲಿ ಬಾಯಿಗೆ ಬಾಯಿ, ಕಿವಿಗೆ ಕಿವಿ ಕೂಡಿರುತ್ತದೆ.

ಚೀಲದಿಂದ ಇಕ್ಕಳ ತೆಗೆಯಲು ಹೋದೆ. ಕೆಂಪು ರುಮಾಲಿನವನು ಚೀಲವನ್ನೇ ಕಸಿದುಕೊಂಡ. "ಪಾನಾ ಪಕ್ಕಡ ಇವನ ಕೈಗೆ ಕೊಡಬ್ಯಾಡ್ರಿ. ತಿರುವ್ಯಾಡಿ ಸುದ್ದ ಮಾಡಿ ತೋರಸ್ತಾನ." ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಕಳ್ಳ ಇಂಜಿನಿಯರ್ ಮಾಡುವುದೂ ಅದನ್ನೇ. ಕೇಬಲ್ಲನ್ನು ನಡುವೆ ಹಲ್ಲಿನಿಂದ ಕಡಿದೆ. ಒಳಗಿನ ಸಣ್ಣ ತಂತಿಗಳ ಸಿಪ್ಪೆಯನ್ನೂ ಹಲ್ಲಿನಿಂದಲೇ ಸುಲಿದೆ. ತುಟಿ ಹರಿದು ಬಾಯಿಗೆ ರಕ್ತದ ಉಪ್ಪು ಬಂತು. ಹೊರಗೆ ಗುಮಾಸ್ತನಿಗೆ ಮತ್ತೆ ಶುರುವಾಗಿತ್ತು. ಅವನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಒದರುತ್ತಿದ್ದ, "ನಾ ಏನೂ ಮಾಡಿಲ್ರೀ... ಮೀ ಕಾಹೀ ಕೇಲಂ ನಾಹೀ..." ಪ್ರತಿ ಏಟಿಗೂ ಬಂಡಿಯ ಮೂಕಿ ಅಲುಗುವ ಸದ್ದು ಕೋಣೆಯೊಳಗೆ ಕೇಳುತ್ತಿತ್ತು. ಎರಡನೆಯ ತಂತಿಯನ್ನು ಮೂರಕ್ಕೆ ಹೊಸೆದೆ, ಮೂರನೆಯದನ್ನು ಎರಡಕ್ಕೆ ಹೊಸೆದೆ, ಉಳಿದವನ್ನು ಇದ್ದ ಹಾಗೆಯೇ ಕೂಡಿಸಿದೆ.

ಪರದೆಯ ಮೇಲೆ ಅಕ್ಷರ ಬಂದವು. ಆದರೆ ಅವು ಅಂಕಿಯಲ್ಲ. ಅರ್ಧ ಚಂದ್ರ, ಗೆರೆ, ಚೌಕ, ಎಂಥದೋ ಗೀಚು. ಮೀಟರ್ ಮಾತಾಡುವ ವೇಗ ಬೇರೆ, ಲ್ಯಾಪ್‌ಟಾಪ್ ಕೇಳುವ ವೇಗ ಬೇರೆ ಇದ್ದರೆ ಹೀಗಾಗುತ್ತದೆ. ವೇಗ ಬದಲಿಸಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ನನಗೆ ಸಿಗಲಿಲ್ಲ.

"ನೋಡ್ರಿ, ಮಂತ್ರಾ ಬರಸಾಕತ್ತಾನ" ಎಂದು ಕಿಟಕಿಯಲ್ಲಿ ಯಾರೋ ನಕ್ಕರು. ಕೆಂಪು ರುಮಾಲಿನವನು ನಗಲಿಲ್ಲ. ಬಾರುಕೋಲು ಎತ್ತಿ ಬೀಸಿದ. ಮೊದಲ ಏಟು ಪರದೆಗೆ ಬಿತ್ತು, ಅದರ ತುದಿ ನನ್ನ ಕಿವಿ ಸೀಳಿತು. ಎರಡನೆಯದು ಕೀಲಿಗಳ ಮೇಲೆ ಬಿದ್ದು ಹತ್ತಾರು ಗುಂಡಿ ಹಾರಿದವು. ಪರದೆಯೊಳಗೆ ಕಪ್ಪು ಮಸಿ ಹರಡಿ ಪೂರ್ತಿ ಕತ್ತಲಾಯಿತು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುತ್ತಾರೆ. ನನಗೆ ಗೊತ್ತಿದ್ದ ಗಾದೆಯೇ. ಆದರೂ ಎದ್ದು ಅವನ ಬಾಯಿಗೆ ಗುದ್ದಿದೆ. ಅವನ ಹಲ್ಲು ನನ್ನ ಬೆರಳಿನ ಗಂಟಿಗೆ ನಟ್ಟದ್ದು ನೆನಪಿದೆ, ಆಗ ಹಿತವಾದದ್ದೂ ನೆನಪಿದೆ. ಆಮೇಲೆ ನಾನು ನೆಲದ ಮೇಲಿದ್ದೆ. ಎಷ್ಟು ಕಾಲು ಅಂತ ಲೆಕ್ಕ ಸಿಗಲಿಲ್ಲ. ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ತಲೆ ಮುಚ್ಚಿಕೊಂಡೆ. ಬಲಗಡೆಯ ಪಕ್ಕೆಲುಬಿನಲ್ಲಿ ಏನೋ ಜರುಗಿತು, ಉಸಿರು ಒಳಗೆ ಹೋಗಲಿಲ್ಲ.

"ಬಿಡ್ರೋ, ಸಾಯತಾನ" ಎಂಬ ಅಜ್ಜನ ದನಿ ಕೇಳಿತು. "ಅವ ಸತ್ರ ಮಷಿನ್ಯಾಗಿಂದು ಓದಾವ್ರು ಯಾರು? ನೀ ಓದ್ತಿಯೇನು?"

ಕಾಲುಗಳು ನಿಂತವು. ಕೂತು ಕೆಮ್ಮಿದೆ, ಉಗುಳು ಕೆಂಪಗಿತ್ತು. ಮೊದಲು ನೋಡಿದ್ದು ಲ್ಯಾಪ್‌ಟಾಪನ್ನೇ. ಅದರ ಕಣ್ಣು ಹೋಗಿತ್ತು, ಬೆರಳು ಹೋಗಿದ್ದವು, ಆದರೆ ಬದಿಯ ಹಸಿರು ದೀಪ ಉರಿಯುತ್ತಿತ್ತು, ಒಳಗಿನ ಡಿಸ್ಕು ಗುರ್ ಅನ್ನುತ್ತಿತ್ತು. ಮಿದುಳು ಬದುಕಿದೆ ಅಂತ ಗೊತ್ತಾಯಿತು. ಒಗೆದ ಕಂಪ್ಯೂಟರಿನ ಮಾನಿಟರು, ಕೀಬೋರ್ಡು, ಪ್ರಿಂಟರು ಮೂರೂ ಮೇಜಿನ ಮೇಲೆಯೇ ಉಳಿದಿದ್ದವು.

ಹಿಂದಿನ ಕಿಂಡಿಗಳ ಧೂಳು ಊದಿದೆ. ಊದಲು ಉಸಿರೆಳೆದಾಗ ಪಕ್ಕೆಗೆ ಚಾಕು ಹಾಕಿದಂತಾಯಿತು. ಮಾನಿಟರಿನ ಕೇಬಲ್ಲನ್ನು ಹದಿನೈದು ತೂತಿನ ಕಿಂಡಿಗೆ ಒತ್ತಿ ತಿರುಪನ್ನು ಉಗುರಿನಿಂದ ಬಿಗಿದೆ. ಕೀಬೋರ್ಡಿನ ಪ್ಲಗ್ಗು ಹಳೆಯ ಕಾಲದ್ದು, ಹೆಬ್ಬೆರಳಿನಷ್ಟು ದಪ್ಪ. ಲ್ಯಾಪ್‌ಟಾಪಿನ ಕಿಂಡಿ ಕಿರುಬೆರಳಿನಷ್ಟು ಸಣ್ಣದು. ನಡುವೆ ಹಾಕುವ ತುಂಡೊಂದು ಚೀಲದಲ್ಲಿತ್ತು. ಕೇಳಿದೆ. ಅಜ್ಜ ಚೀಲದಲ್ಲಿ ಕೈಯಾಡಿಸಿ ಒಂದೊಂದೇ ವಸ್ತು ಎತ್ತಿ ತೋರಿಸಿದ. "ಇದs? ಇದs?" ನಾಲ್ಕನೆಯ ಸಲಕ್ಕೆ ಸಿಕ್ಕಿತು. ಕರೆಂಟು ತೆಗೆದು ಮತ್ತೆ ಹಚ್ಚಿದೆ. ಈ ಜಾತಿಯ ಲ್ಯಾಪ್‌ಟಾಪಿಗೆ ಮಾನಿಟರ್ ಕೂಡಿಸಿ ಶುರು ಮಾಡಿದರೆ ಅದು ತಾನೇ ಹೊರಗಿನ ಪರದೆ ಹಿಡಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಮಾಡಿ ನೋಡಿರಲಿಲ್ಲ. ಮಾನಿಟರ್ ಬೆಚ್ಚಗಾಗಲು ತೆಗೆದುಕೊಂಡ ಹೊತ್ತು ಬಹಳ ಉದ್ದವಾಗಿತ್ತು. ಕೊನೆಗೆ ಹಸಿರು ಅಕ್ಷರ ಮೂಡಿದವು. ವೇಗ ಸರಿಮಾಡಿದೆ. ಅಂಕಿ ಬಂತು.

ಮೀಟರಿನ ನೆನಪಿನಲ್ಲಿ ಒಂದು ಎಣಿಕೆ ಇರುತ್ತದೆ. ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಅದು ತಾನೇ ಒಂದು ಏರುತ್ತದೆ, ಯಾರಿಂದಲೂ ಇಳಿಸಲು ಆಗುವುದಿಲ್ಲ. ಅದನ್ನು ಕೇಳಿದೆ. ಮೂರು ಅಂತ ಬಂತು. ಕಾಟಾ ಕೂಡಿಸಿದ ದಿನ ನಾನೇ ಮೂರು ಸಲ ಬದಲಿಸಿದ್ದೆ, ನನ್ನ ಡೈರಿಯಲ್ಲೂ ಮೂರೇ ಇತ್ತು. ಅಂದಿನಿಂದ ಯಾರೂ ಮುಟ್ಟಿಲ್ಲ. ಗುಮಾಸ್ತ ಕಳ್ಳನಲ್ಲ.

ನನಗೆ ನಾಚಿಕೆಯಾಯಿತು. ಹಿಂದಿನ ದಿನ ಫೋನಿನಲ್ಲಿ ಬೈದದ್ದು ನೆನಪಾಯಿತು.

ಪ್ರಿಂಟರನ್ನು ಇಪ್ಪತ್ತೈದು ತೂತಿನ ಕಿಂಡಿಗೆ ಹಚ್ಚಿ ಎಲ್ಲವನ್ನೂ ಕಾಗದದ ಮೇಲೆ ಇಳಿಸಿದೆ. ಹರಿದುಕೊಂಡು ಕುಂಟುತ್ತ ಹೊರಗೆ ಹೋಗಿ, "ಇವ ಏನೂ ಮಾಡಿಲ್ಲ, ನೋಡ್ರಿ, ಇಲ್ಲೇ ಬರದದ" ಅಂದೆ.

ಕೆಂಪು ರುಮಾಲಿನವನು ಕಾಗದ ಇಸಿದುಕೊಂಡು ನಾಲ್ಕು ಚೂರು ಮಾಡಿದ. ಅವನ ತುಟಿ ನನ್ನ ಗುದ್ದಿನಿಂದ ಊದಿತ್ತು. "ಮಷಿನ್ ನಿಂದು, ಕಾಗದ ನಿಂದು, ಇಂಗ್ಲಿಷ್ ನಿಂದು. ಎರಡ ಕ್ವಿಂಟಾಲ ಕಬ್ಬು ನಂದು. ಅದು ಎಲ್ಲಿ ಹೋತು?" ಅನ್ನುತ್ತ ಗುಮಾಸ್ತನ ಬಲಗೈ ಹಗ್ಗ ಬಿಚ್ಚಿ, ಗಾಲಿಯ ಪಟ್ಟಿಯ ಮೇಲೆ ಅಂಗೈ ಒತ್ತಿ ಹಿಡಿದ. "ಈ ಕೈ ಬಟ್ಟಿಲೇ ಬಟನ್ ಒತ್ತಿದಿಲ್ಲ?" ಕಡಾಣಿ ಎತ್ತಿ ತೋರುಬೆರಳಿನ ಮೇಲೆ ಇಳಿಸಿದ. ಹಸಿ ಕಬ್ಬು ಮುರಿದಾಗ ಬರುವಂಥ ಸದ್ದು ಬಂತು. ಗುಮಾಸ್ತ ಒದರಲಿಲ್ಲ, ಬಾಯಿ ತೆರೆದು ಹಾಗೆಯೇ ಉಳಿದ. ನಡುಬೆರಳಿಗೆ ಮತ್ತೊಂದು ಬಿತ್ತು. ಆಗ ಒದರಿದ.

ಎತ್ತುಗಳು ಬೆದರಿ ನೊಗ ಎಳೆದವು. ಗುಂಪಿನ ಹಿಂದಿನ ಸಾಲಿನಲ್ಲಿ ಕೆಲವರು ಮುಖ ತಿರುಗಿಸಿದರು, ಆದರೆ ಯಾರೂ ಬಿಡಿಸಲು ಬರಲಿಲ್ಲ. ನಾನೂ ಹೋಗಲಿಲ್ಲ. ಪಕ್ಕೆ ನೆಪ; ಹೆದರಿದ್ದೆ, ಅಷ್ಟೇ. ಅವನ ಐದೂ ಬೆರಳು ಮುಗಿದ ಮೇಲೆ ತಲೆ, ತಲೆ ಮುಗಿದ ಮೇಲೆ ನಾನು ಎಂಬುದು ಸ್ಪಷ್ಟವಿತ್ತು. ಕಾಗದದಿಂದ ಇವರನ್ನು ನಿಲ್ಲಿಸಲಾಗದು, ಇವರ ಕಣ್ಣಿಗೆ ಕಾಣುವಂಥದ್ದು ಬೇಕು. ತೂಕದ ಕಲ್ಲುಗಳಿದ್ದರೆ ಮೂಲೆ ಮೂಲೆಗೆ ಇಟ್ಟು ತೋರಿಸಬಹುದಿತ್ತು. ಅವು ಸೊಲ್ಲಾಪುರದಲ್ಲಿದ್ದವು.

ಆಗ ನನ್ನ ಎದುರಿಗೆ ನಿಂತ ಮಂದಿಯನ್ನೇ ನೋಡಿದೆ.

"ಅಜ್ಜಾರ, ಇಪ್ಪತ್ತು ಮಂದಿ ಕೊಡ್ರಿ" ಅಂದೆ. "ನೀವs ಆರಿಸಿ ಕೊಡ್ರಿ. ಕಾಟಾದ ಒಂದೊಂದು ಮೂಲಿಗೆ ಹೋಗಿ ನಿಂದರ್ಲಿ. ಅದs ಇಪ್ಪತ್ತು ಮಂದಿ, ನಾಕೂ ಮೂಲಿ. ತೂಕ ಒಂದs ಬರಬೇಕು. ನಾ ಏನೂ ಮುಟ್ಟಂಗಿಲ್ಲ, ಕೈ ಹಿಂದ ಕಟ್ಕೊಂಡ ನಿಂದರ್ತೀನಿ."

ಅಜ್ಜ ಆರಿಸಿದ. ಕೆಂಪು ರುಮಾಲಿನವನ ಹೆಗಲ ಮೇಲೆ ಕೈ ಇಟ್ಟು, "ನೀನೂ ಹೋಗು, ನಿಂತು ಕಣ್ಣೀಲೆ ನೋಡು" ಅಂದ. ಅವನು ಕಡಾಣಿ ಕೈಯಲ್ಲಿ ಹಿಡಿದೇ ಹೋದ. ಮಾನಿಟರನ್ನು ಕೇಬಲ್ಲು ಎಟುಕುವಷ್ಟು ಕಿಟಕಿಗೆ ಜರುಗಿಸಿ ಹೊರಗೆ ಮುಖ ಮಾಡಿದೆ. ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತ ಒಬ್ಬನನ್ನು ಅಂಕಿ ಓದಲು ನಿಲ್ಲಿಸಿದರು.

ಮೊದಲ ಮೂಲೆಯಲ್ಲಿ ಇಪ್ಪತ್ತು ಮಂದಿ ಒತ್ತೊತ್ತಾಗಿ ನಿಂತರು. "ಹನ್ನೊಂದನೂರಾ ನಲವತ್ತು ಕಿಲೋ" ಎಂದು ಅವನು ಕೂಗಿದ. ಎರಡನೆಯ ಮೂಲೆಗೆ ಹೋದರು, ಹನ್ನೊಂದನೂರಾ ನಲವತ್ತು. ಮೂರನೆಯದರಲ್ಲಿ ಹನ್ನೊಂದನೂರಾ ಮೂವತ್ತು. ನಾಲ್ಕನೆಯ ಮೂಲೆ ಕೋಣೆಯ ಕಡೆಯದು, ಬಂಡಿಯ ಹಿಂದಿನ ಭಾರ ಬೀಳುವ ಜಾಗ. ಅಲ್ಲಿ ನಿಂತಾಗ ಅಂಕಿ ಓದುವವನು ಪರದೆಗೆ ಮುಖ ಹಚ್ಚಿ ಇನ್ನೊಮ್ಮೆ ನೋಡಿದ.

"ಏನಾತು, ಒದರೋ" ಎಂದರು.

"ಏಳನೂರಾ ಹತ್ತು" ಅಂದ.

ಯಾರೂ ನಂಬಲಿಲ್ಲ. ಇನ್ನೊಮ್ಮೆ ಸುತ್ತಿದರು. ಮತ್ತೆ ಹಾಗೆಯೇ ಬಂತು. ಮೂರನೆಯ ಸಲ ಕೆಂಪು ರುಮಾಲಿನವನು ತಾನೇ ಎಲ್ಲರನ್ನೂ ಎಣಿಸಿ, ಯಾರೂ ಕಾಲು ಹೊರಗಿಟ್ಟಿಲ್ಲವೆಂದು ಬಗ್ಗಿ ನೋಡಿದ. ಏಳು ನೂರಾ ಹತ್ತೇ ಬಂತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಗುಮಾಸ್ತ ಗಾಲಿಗೆ ಕಟ್ಟಿಸಿಕೊಂಡಿದ್ದ, ನಾನು ಕೈ ಕಟ್ಟಿ ಬಿಸಿಲಲ್ಲಿ ನಿಂತಿದ್ದೆ. ಅವರು ತಮ್ಮ ಕಾಲ ಕೆಳಗಿನ ಹಲಗೆಯನ್ನೇ ನೋಡತೊಡಗಿದರು.

"ಮಷಿನ್ ಕೆಟ್ಟೈತಿ" ಎಂದು ಅಜ್ಜ ಅಂದ. "ಮನಶಾ ಅಲ್ಲ."

ಪಾನಾ ಪಕ್ಕಡ ನನ್ನ ಕೈಗೆ ಬಂದವು. ಕುಣಿಯ ಮುಚ್ಚಳ ಎತ್ತಿ ಕೆಳಗಿಳಿದೆ. ಬಗ್ಗಿದರೆ ಮಾತ್ರ ನಿಲ್ಲುವಷ್ಟು ಜಾಗ, ಕಬ್ಬಿನ ಒಣ ಸೋಗೆಯ ರವದಿ, ಇಲಿಯ ಹಿಕ್ಕೆ. ತಂತಿ ಕೂಡುವ ಪೆಟ್ಟಿಗೆಯ ನಾಲ್ಕು ಬೋಲ್ಟು ಬಿಚ್ಚಿದೆ. ಮುಚ್ಚಳ ತೆಗೆದ ಕೂಡಲೇ ಹುಳಿ ನಾತ ಬಡಿಯಿತು. ಮೂರು ಮೂಲೆಯ ತಂತಿಗಳು ಹೊಳೆಯುತ್ತಿದ್ದವು. ನಾಲ್ಕನೆಯ ಮೂಲೆಯ ತಾಮ್ರ ಹಸಿರು ಪುಡಿಯಾಗಿತ್ತು. ಆ ಮೂಲೆಯ ತೂಕ ಹೊಂದಿಸುವ ಸಣ್ಣ ತಿರುಪು ತಿಂದುಹೋಗಿತ್ತು. ತಳದಲ್ಲಿ ಕಂದು ಬಣ್ಣದ ಒಣಗಿದ ಕಲೆ, ಕಲೆಯಲ್ಲಿ ಅಂಟಿದ ನಾಲ್ಕೈದು ತೆಂಗಿನ ನಾರು.

ನಾರು ಕೈಯಲ್ಲಿ ಹಿಡಿದು ಅಲ್ಲೇ ಕೂತೆ. ಹಂಗಾಮಿನ ಮೊದಲ ದಿನ, ನಾನು ಇದೇ ಪೆಟ್ಟಿಗೆ ತೆರೆದು ನಾಲ್ಕನೆಯ ಮೂಲೆ ಹೊಂದಿಸುತ್ತಿದ್ದಾಗ ಮೇಲಿನಿಂದ ಕರೆದಿದ್ದರು. ಮುಹೂರ್ತ ಮೀರುತ್ತದೆ, ಪೂಜೆ ಆಗಿಬಿಡಲಿ, ಕಾಯಿ ಇಂಜಿನಿಯರ್ ಸಾಹೇಬರ ಕೈಯಿಂದಲೇ ಒಡೆಯಬೇಕು ಎಂದು. ನನಗೆ ಆ ಮಾನ ಬೇಕಾಗಿತ್ತು. ಪೆಟ್ಟಿಗೆ ತೆರೆದಿಟ್ಟೇ ಮೇಲೆ ಬಂದೆ. ಹೊಸ ಕಾಟಾಕ್ಕೆ ಕುಂಕುಮ ಹಚ್ಚಿ, ಆ ಮೂಲೆಯ ಕಬ್ಬಿಣದ ಅಂಚಿಗೇ ಕಾಯಿ ಬಡಿದೆ. ಎಳನೀರಿನಂಥ ಸಿಹಿ ನೀರು ಸಂದಿನಲ್ಲಿ ಕೆಳಗೆ ಸುರಿಯಿತು. ಆಮೇಲೆ ಇಳಿದಾಗ ಪೆಟ್ಟಿಗೆ ಒದ್ದೆಯಾಗಿತ್ತು. ನೋಡಿದ್ದೆ. ಕರ್ಚೀಫಿನಿಂದ ಒರೆಸಿ, ಮೂರು ಗಂಟೆಯ ಬಸ್ಸು ತಪ್ಪೀತೆಂದು ಮುಚ್ಚಳ ಬಿಗಿದು ಹೋಗಿದ್ದೆ. ಒಣಗಿಸಬೇಕಿತ್ತು, ಅದಕ್ಕೆ ಒಂದು ತಾಸು ಬೇಕಿತ್ತು.

ಕುಣಿಯಲ್ಲಿ ನಾನೊಬ್ಬನೇ ಇದ್ದೆ. ನಾರನ್ನು ರವದಿಯಲ್ಲಿ ತುಳಿದುಬಿಟ್ಟರೆ ಮುಗಿಯಿತು. ಅದನ್ನೇ ಮಾಡಿದೆ, ಕಾಲಿನಿಂದ ತುಳಿದೆ. ಮೇಲೆ ಬಂದು, "ನೀರು ಹೊಕ್ಕದ. ತಂತಿ ಕೊಳತಾವ" ಅಂದೆ.

"ಯಾವ ನೀರು? ಈ ವರ್ಷ ಈ ಕಡೆ ಮಳಿ ಎಲ್ಲಿ ಬಿದ್ದೈತಿ?" ಕೆಂಪು ರುಮಾಲಿನವನು ಕೇಳಿದ. ಅವನ ಕಣ್ಣು ಮತ್ತೆ ಗುಮಾಸ್ತನ ಕಡೆ ಹೋಯಿತು. "ಇವನs ಹಾಕ್ಯಾನ. ಮೀಟರ್ ಮುಟ್ಟಿದ್ರ ಸಿಗತೀನಂತ ಕೆಳಗ ನೀರ ಹಾಕ್ಯಾನ."

ಗುಂಪು ಮತ್ತೆ ಕುದಿಯಿತು. ಕಡಾಣಿ ಮೇಲೆದ್ದಿತು. ಅಜ್ಜ ನಡುವೆ ಬಂದ. ಸೊಂಟದ ಚೀಲ ಬಿಚ್ಚಿ ಒಂದು ಹಿಡಿ ಅರಿಶಿನದ ಪುಡಿ ತೆಗೆದ. ಅದು ಮಹಾಲಿಂಗರಾಯನ ಭಂಡಾರ. ಆ ಭಾಗದಲ್ಲಿ ಅದನ್ನು ಕೈಯಲ್ಲಿ ಹಿಡಿದು ಸುಳ್ಳು ಹೇಳಿದವನ ಮನೆ ಉಳಿಯುವುದಿಲ್ಲ ಎಂದು ಕುಡಿಯುವ ನೀರಿನಷ್ಟು ನಂಬುತ್ತಾರೆ. ಭಂಡಾರ ಎತ್ತಿ ಹೇಳಿದ ಮಾತಿನ ಮೇಲೆ ಕೋರ್ಟಿಲ್ಲ. ನನ್ನ ಅಂಗೈ ಬಿಡಿಸಿ ಅದರಲ್ಲಿ ಸುರಿದ.

"ತಮ್ಮಾ, ನಿನ್ನ ಕಾಗದ ನಮಗ ತಿಳಿಯಂಗಿಲ್ಲ. ಇದು ತಿಳಿತೈತಿ. ಹೇಳು, ನೀರು ಹಾಕಿದ್ದು ಯಾರು?"

ನನಗೆ ದೇವರ ಭಯಕ್ಕಿಂತ ಕಡಾಣಿಯ ಭಯ ಹೆಚ್ಚಿತ್ತು. ಗೊತ್ತಿಲ್ಲ ಅನ್ನಬಹುದಿತ್ತು, ಅಂದಿದ್ದರೆ ಅವನ ತಲೆ ಹೋಗುತ್ತಿತ್ತು, ನನ್ನದು ಉಳಿಯುತ್ತಿತ್ತು. ಗುಮಾಸ್ತ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದ. ಅವನ ಬಲಗೈಯ ಎರಡು ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ತನ್ನನ್ನು ಬಿಡಿಸುವವನು ನಾನೇ ಎಂದು ಇನ್ನೂ ನಂಬಿದ್ದ. ಆ ನಂಬಿಕೆಯನ್ನು ಮಾತ್ರ ನನಗೆ ತಡೆಯಲಾಗಲಿಲ್ಲ.

"ನಾನು" ಅಂದೆ. "ಪೂಜಾದ ದಿನ ಪೆಟಗಿ ತಗದಿಟ್ಟು ಅದರ ಮ್ಯಾಲ ಕಾಯಿ ಒಡದವ ನಾನು. ಕಾಯಿ ನೀರು ಒಳಗ ಹೋತು. ನನಗ ಗೊತ್ತಿತ್ತು. ಬಸ್ ತಪ್ಪತದಂತ ಹಂಗs ಮುಚ್ಚಿ ಹೋದೆ. ಇವಂದೇನೂ ತಪ್ಪಿಲ್ಲ. ಇವ ನಿನ್ನೆ ಫೋನ್ ಮಾಡಿದಾಗೂ ನಾನs ಬೈದೆ."

ಮಾಡಿದ್ದುಣ್ಣೋ ಮಹರಾಯ ಎಂದು ಕಣ್ಣು ಮುಚ್ಚಿ ನಿಂತೆ. ಕೆಂಪು ರುಮಾಲಿನವನು ನನ್ನ ಕಡೆ ಬಂದದ್ದು ಅವನ ಉಸಿರಿನಿಂದ ಗೊತ್ತಾಯಿತು.

"ಇವನ್ನ ಹೊಡಿಯೂ ಹಕ್ಕು ನಿಂದಲ್ಲ" ಎಂಬ ಅಜ್ಜನ ದನಿ ಬಂತು. "ನಿಂದು ಎರಡ ಕ್ವಿಂಟಾಲ ಕಬ್ಬು ಹೋಗೈತಿ. ಅವಂದು ಬಟ್ಟು ಹೋಗ್ಯಾವು. ಬಟ್ಟು ಮುರದಾವ ನೀನು, ಅದರ ಜವಾಬ ನೀ ಬ್ಯಾರೆ ಕೊಡಬೇಕು. ಈಗ ಅವನ್ನ ಬಿಚ್ಚು."

ಗುಮಾಸ್ತನನ್ನು ಬಿಚ್ಚಿದರು. ಅವನು ಕಾಲು ಊರಲಾಗದೆ ಗಾಲಿ ಹಿಡಿದು ನಿಂತ. ಅಜ್ಜ ಬಾರುಕೋಲನ್ನು ತಂದು ಅವನ ಎಡಗೈಗೆ ಕೊಟ್ಟ. "ಇವನ ಸಲುವಾಗಿ ತಿಂದಿ. ನೀನs ಕೊಡು. ಕೊಡೂದಿಲ್ಲಂದ್ರೂ ನಿನ್ನ ಖುಷಿ."

ಅವನು ಕ್ಷಮಿಸುತ್ತಾನೆ ಎಂದು ನಾನು ಎಣಿಸಿದ್ದೆ. ಮೆತ್ತಗಿನ ಮನುಷ್ಯ, ಫೋನಿನಲ್ಲಿ ಬೈದರೂ ಹೂಂ ಅಂದವನು. ಅವನು ಕುಂಟುತ್ತ ನನ್ನ ಮುಂದೆ ಬಂದು ನಿಂತ. ನನ್ನ ಅಂಗೈಯಲ್ಲಿದ್ದ ಭಂಡಾರವನ್ನು ನೋಡಿದ, ನನ್ನ ಮುಖವನ್ನು ನೋಡಿದ. ಆಮೇಲೆ ಕೋಲು ಎತ್ತಿ ಇದ್ದಬದ್ದ ಶಕ್ತಿಯಿಂದ ನನ್ನ ಕೊರಳು ಮತ್ತು ಹೆಗಲು ಕೂಡುವ ಎಲುಬಿನ ಮೇಲೆ ಹೊಡೆದ. ಎಲುಬು ಮುರಿದದ್ದು ನನಗೇ ಕೇಳಿತು. ಮೊಣಕಾಲೂರಿದೆ. ಎರಡನೆಯ ಏಟು ಮುಖಕ್ಕೆ ಬಂತು, ಎರಡು ಹಲ್ಲು ಮಣ್ಣಿಗೆ ಬಿದ್ದವು. ಅರಿಶಿನ ಚೆಲ್ಲಿ ನನ್ನ ಅಂಗಿ, ಅವನ ಕಾಲು, ನೆಲ ಎಲ್ಲ ಹಳದಿಯಾಯಿತು. ಆ ದಿನ ಬಿದ್ದ ಏಟುಗಳಲ್ಲಿ ಆ ಎರಡರ ಬಗ್ಗೆ ಮಾತ್ರ ನನಗೆ ಇಂದಿಗೂ ಯಾವ ಸಿಟ್ಟೂ ಇಲ್ಲ.

ಮೂರನೆಯದಕ್ಕೆ ಕಾದೆ. ಬರಲಿಲ್ಲ. ಅವನು ಕೋಲಿನ ಮೇಲೆ ಭಾರ ಹಾಕಿ ನಿಂತು, ಮುರಿದ ಬೆರಳುಗಳನ್ನು ಎದೆಗೆ ಒತ್ತಿಕೊಂಡು, ಸಾಲುಗಟ್ಟಿ ನಿಂತ ಬಂಡಿಗಳ ಕಡೆ ನೋಡುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಕಬ್ಬಿನ ತುದಿಗಳು ಬಾಡಿದ್ದವು.

"ಏಳು" ಅಂದ. "ಮುಂಜಾನಿಂದ ಕಬ್ಬು ಒಣಗಾಕತ್ತೈತಿ. ನೀ ತಂತಿ ಹಚ್ಚು, ನಾ ಅಂಕಿ ಓದ್ತೀನಿ."

ನಾನು ಎದ್ದು, ಒಂದೇ ಕೈಯಿಂದ ಅಂಚು ಹಿಡಿದು, ಕುಣಿಗೆ ಇಳಿದೆ.